ಗಡಿಯಾರ ಬಿಡಿ, ನೀರು ನೋಡಿ ಹೊರಡಿ: ಊರಂಚಿನ ಅಳಿವೆಯಲ್ಲಿ ಒಂದು ದಿನದ ಹಕ್ಕಿ ನಡಿಗೆ

ನಾನು ಮೊದಲ ಸಲ ಅಳಿವೆಗೆ ಹಕ್ಕಿ ನೋಡಲು ಹೋದಾಗ ಬೆಳಗಿನ ಜಾವವೇ ಎದ್ದು ಹೊರಟಿದ್ದೆ. ಕಾಡಿಗೆ, ಕೆರೆಗೆ ಹಾಗೆ ತಾನೇ ಹೋಗುವುದು? ಆದರೆ ಅಲ್ಲಿ ನೀರು ಪೂರ್ತಿ ಇಳಿದಿತ್ತು. ಕಣ್ಣು ಹಾಯುವಷ್ಟು ದೂರ ಬರೀ ಕೆಸರು. ಅದರ ಆಚೆ ತುದಿಯಲ್ಲಿ ಸಾಸಿವೆ ಚೆಲ್ಲಿದ ಹಾಗೆ ಚುಕ್ಕಿಗಳು. ಅವೇ ಹಕ್ಕಿಗಳು. ಎರಡು ಗಂಟೆ ನಿಂತರೂ ಒಂದನ್ನೂ ಗುರುತಿಸಲು ಆಗಲಿಲ್ಲ. ಬೇಜಾರಾಗಿ ಹೊರಟಾಗ ನೀರು ಏರಲು ಶುರುವಾಗಿತ್ತು. ಇನ್ನೊಂದು ಎರಡು ಮೂರು ಗಂಟೆ ಕಾದಿದ್ದರೆ ಆ ಚುಕ್ಕಿಗಳೆಲ್ಲ ತಾವಾಗಿಯೇ ನನ್ನ ಮುಂದಕ್ಕೆ ಬಂದು ಇಳಿಯುತ್ತಿದ್ದವು. ಅದು ಆಗ ಗೊತ್ತಿರಲಿಲ್ಲ.

ಈ ಲೇಖನ ಅದಕ್ಕಾಗಿಯೇ. ನದಿ ಕಡಲು ಸೇರುವ ಜಾಗ ನಿಮ್ಮ ಊರಿನ ಅಂಚಿನಲ್ಲಿದ್ದರೆ, ಶರತ್ಕಾಲದ ಒಂದು ದಿನವನ್ನು ಅಲ್ಲಿ ಹೇಗೆ ಕಳೆಯಬೇಕು ಅಂತ ಹೆಜ್ಜೆ ಹೆಜ್ಜೆಯಾಗಿ ಹೇಳುತ್ತೇನೆ. ಊರಿನ ಪಕ್ಕದ ಕೊಳಕು ನೀರಿನಲ್ಲಿ ಏನಿರುತ್ತದೆ ಅಂತ ಕೇಳಬೇಡಿ. ನದಿ ಹೊತ್ತು ತಂದ ಹೂಳು ನಿಲ್ಲುವುದು ಅಲ್ಲೇ. ಆ ಹೂಳಿನ ತುಂಬ ಹುಳು, ಸಣ್ಣ ಚಿಪ್ಪು, ಏಡಿ. ಮುಂಬೈ ಪಕ್ಕದ ಠಾಣೆ ಕ್ರೀಕ್‌ಗೆ 2022ರಲ್ಲಿ ರಾಮ್ಸಾರ್ ಪಟ್ಟ ಸಿಕ್ಕಿತು, ಅಂದರೆ ಜಗತ್ತಿಗೇ ಮುಖ್ಯವಾದ ಜೌಗು ಪ್ರದೇಶ ಅಂತ. ಹಾಂಕಾಂಗಿನ ಮಾಯ್ ಪೋ 1995ರಲ್ಲೇ ಆ ಪಟ್ಟಿ ಸೇರಿದೆ. ಎರಡು ಕಡೆಯೂ ಹಕ್ಕಿಗಳ ಬೆನ್ನ ಹಿಂದೆಯೇ ಎತ್ತರದ ಕಟ್ಟಡಗಳು ನಿಂತಿವೆ.

ಮೊದಲು ನೀರಿನ ಲೆಕ್ಕ

ಹೆಚ್ಚಿನ ಕಡಲತೀರಗಳಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ಇವತ್ತು ಬೆಳಗ್ಗೆ 10ಕ್ಕೆ ನೀರು ತುಂಬಿದರೆ ನಾಳೆ ತುಂಬುವುದು ಹತ್ತಿರ ಹತ್ತಿರ 10.50ಕ್ಕೆ. ಹತ್ತಿರದ ಬಂದರಿನ ಉಬ್ಬರ ಇಳಿತದ ಪಟ್ಟಿ ಇಂಟರ್‌ನೆಟ್‌ನಲ್ಲಿ ಸಿಗುತ್ತದೆ. ಅದನ್ನು ನೋಡದೆ ದಿನ ಗೊತ್ತು ಮಾಡಬೇಡಿ.

ಪಟ್ಟಿಯಲ್ಲಿ ಹೊತ್ತಿನ ಜೊತೆಗೆ ನೀರಿನ ಎತ್ತರವೂ ಇರುತ್ತದೆ. ಹುಣ್ಣಿಮೆ ಅಥವಾ ಅಮಾವಾಸ್ಯೆ ಕಳೆದು ಒಂದೆರಡು ದಿನಕ್ಕೆ ಉಬ್ಬರ ತುಂಬಾ ಏರುತ್ತದೆ, ಇಳಿತವೂ ತುಂಬಾ ಇಳಿಯುತ್ತದೆ. ಅಷ್ಟಮಿಯ ಆಸುಪಾಸಿನಲ್ಲಿ ಈ ಏರಿಳಿತ ಚಿಕ್ಕದು. ದೊಡ್ಡ ಉಬ್ಬರದಲ್ಲಿ ಕೆಸರೆಲ್ಲ ಮುಳುಗಿ ಹಕ್ಕಿಗಳು ಒಂದೇ ಕಡೆ ಸಾವಿರಗಟ್ಟಲೆ ಸೇರಬಹುದು. ಕೆಲವೊಮ್ಮೆ ಅವು ಕೂರುವ ದಿಬ್ಬವೇ ಮುಳುಗಿ, ಎಲ್ಲೋ ಕಣ್ಣಿಗೆ ಕಾಣದ ಕಡೆ ಹೋಗಿಬಿಡುವುದೂ ಉಂಟು. ಚಿಕ್ಕ ಉಬ್ಬರದಲ್ಲಿ ಅವು ದೂರದ ಕೆಸರಿನಲ್ಲೇ ಉಳಿಯುತ್ತವೆ. ಹುಣ್ಣಿಮೆಯೋ ಅಮಾವಾಸ್ಯೆಯೋ ಆಗಿ ಮೂರು ನಾಲ್ಕು ದಿನ ಕಳೆದ ಮಧ್ಯಮ ಉಬ್ಬರ ನನಗೆ ಇಷ್ಟ. ದಡದ ಹತ್ತಿರ ಒಂದು ಪಟ್ಟಿಯಷ್ಟು ಕೆಸರು ಕೊನೆವರೆಗೂ ಉಳಿದಿರುತ್ತದೆ. ಹಕ್ಕಿಗಳು ಅಲ್ಲೇ ಮೇಯುತ್ತಿರುತ್ತವೆ.

ಒಂದು ದಿನದ ನಡಿಗೆಗೆ ಬೆಳಗ್ಗೆ 10ರಿಂದ 12ರ ಒಳಗೆ ನೀರು ತುಂಬುವ ದಿನ ಆರಿಸಿ. ಬೆಳಗಿನ ತಂಪಿನಲ್ಲಿ ಏರುವ ನೀರು, ಮಧ್ಯಾಹ್ನದ ನಂತರ ಇಳಿಯುವ ನೀರು, ಎರಡೂ ಸಿಗುತ್ತವೆ. ಇನ್ನೊಂದು ಮಾತು. ಪಟ್ಟಿಯಲ್ಲಿರುವುದು ಬಂದರಿನ ಹೊತ್ತು. ನದಿಯ ಒಳಗೆ ಹೋದಷ್ಟೂ ಉಬ್ಬರ ತಡವಾಗಿ ತಲುಪುತ್ತದೆ. ಎಷ್ಟು ತಡ ಅನ್ನುವುದು ಒಂದೊಂದು ಅಳಿವೆಗೆ ಒಂದೊಂದು ಥರ. ಮೊದಲ ಸಲ ಹೋದಾಗ ನೀವೇ ಗುರುತು ಹಾಕಿಕೊಳ್ಳಿ.

ನೀರು ಒಂದೇ ವೇಗದಲ್ಲಿ ಏರುವುದಿಲ್ಲ. ನಾವಿಕರ ಒಂದು ಸುಲಭ ಅಂದಾಜು ಇದೆ. ಆರು ಗಂಟೆಯಲ್ಲಿ ಏರಬೇಕಾದ ನೀರನ್ನು 12 ಪಾಲು ಮಾಡಿ. ಮೊದಲ ಗಂಟೆಗೆ 1 ಪಾಲು, ಎರಡನೆಯದಕ್ಕೆ 2, ಮೂರು ಮತ್ತು ನಾಲ್ಕನೆಯದಕ್ಕೆ ತಲಾ 3, ಐದಕ್ಕೆ 2, ಆರಕ್ಕೆ 1. ಅಂದರೆ ನಡುವಿನ ಎರಡೇ ಗಂಟೆಯಲ್ಲಿ ಅರ್ಧ ನೀರು ಬಂದುಬಿಡುತ್ತದೆ. ಕೆಸರು ಕಣ್ಣೆದುರೇ ಮಾಯವಾಗುವುದು ಆಗಲೇ. ಹಕ್ಕಿಗಳು ಗುಂಪು ಗುಂಪಾಗಿ ಹಾರಿ ದಡದ ಕಡೆ ಬರುವುದೂ ಆಗಲೇ. ಮರಳು ದಿಬ್ಬದ ಮೇಲೆ ನಿಂತವರ ಹಿಂದಿನ ದಾರಿ ಮುಳುಗುವುದೂ ಆಗಲೇ. ಅದಕ್ಕೇ ಮರಳು ದಿಬ್ಬಕ್ಕೆ ಹೋಗಲೇಬೇಡಿ. ಕೆಸರಿಗೂ ಇಳಿಯಬೇಡಿ. ಗಟ್ಟಿ ಅಂತ ಕಂಡ ಕೆಸರು ಮೊಣಕಾಲವರೆಗೆ ಹಿಡಿದರೆ ಬಿಡಿಸಿಕೊಳ್ಳುವುದು ಬಹಳ ಕಷ್ಟ. ಈ ನಡಿಗೆಯನ್ನು ಪೂರ್ತಿ ದಡದ ಮೇಲಿಂದಲೇ ಮಾಡಬಹುದು.

ಶರತ್ಕಾಲವೇ ಯಾಕೆ

ಅಳಿವೆಯ ಮುಖ್ಯ ಅತಿಥಿಗಳು ವೇಡರ್ ಅಂತ ಕರೆಯುವ, ಕೆಸರಲ್ಲಿ ನಡೆದಾಡಿ ಮೇಯುವ ಹಕ್ಕಿಗಳು. ಇವುಗಳಲ್ಲಿ ಬಹಳಷ್ಟು ಮರಿ ಮಾಡುವುದು ಉತ್ತರದ ತುದಿಯಲ್ಲಿ, ಆರ್ಕ್ಟಿಕ್ ಬಯಲಿನಲ್ಲಿ. ಅಲ್ಲಿನ ಬೇಸಿಗೆ ಚಿಕ್ಕದು. ಜುಲೈಯಲ್ಲೇ ದೊಡ್ಡವು ದಕ್ಷಿಣಕ್ಕೆ ಹೊರಡುತ್ತವೆ. ಎಷ್ಟೋ ಜಾತಿಗಳಲ್ಲಿ ತಂದೆ ತಾಯಿ ಮೊದಲು ಹೋಗಿಬಿಡುತ್ತವೆ, ಮರಿಗಳು ಆಮೇಲೆ ತಾವೇ ಹೊರಡುತ್ತವೆ. ದಾರಿ ತೋರಿಸಲು ಯಾರೂ ಇರುವುದಿಲ್ಲ.

2022ರ ಅಕ್ಟೋಬರ್‌ನಲ್ಲಿ ಬೆನ್ನ ಮೇಲೆ ಪುಟ್ಟ ಟ್ರಾನ್ಸ್‌ಮಿಟರ್ ಹೊತ್ತ ಒಂದು ಬಾರ್-ಟೇಲ್ಡ್ ಗಾಡ್‌ವಿಟ್ ಅಲಾಸ್ಕಾದಿಂದ ಹಾರಿತು. 11 ದಿನ ಎಲ್ಲೂ ಇಳಿಯದೆ, ಏನೂ ತಿನ್ನದೆ, 13,560 ಕಿಲೋಮೀಟರ್ ದಾಟಿ ಆಸ್ಟ್ರೇಲಿಯಾದ ಟಾಸ್ಮೇನಿಯಾ ದ್ವೀಪದಲ್ಲಿ ಇಳಿಯಿತು. ಆಗ ಅದರ ವಯಸ್ಸು ಸುಮಾರು ಐದು ತಿಂಗಳು. ನಿಮ್ಮೆದುರು ಕೆಸರಲ್ಲಿ ತಲೆ ತಗ್ಗಿಸಿಕೊಂಡು ಮೇಯುವ ಬೂದು ಹಕ್ಕಿಯ ಹಿಂದೆ ಇಂಥದ್ದೊಂದು ಪಯಣ ಇದ್ದಿರಬಹುದು. ಅದನ್ನು ನೆನಪಿಟ್ಟುಕೊಂಡರೆ ಅದರ ಹತ್ತಿರ ಹೋಗಿ ಹಾರಿಸುವ ಮನಸ್ಸೇ ಬರುವುದಿಲ್ಲ.

ಉತ್ತರ ಗೋಳಾರ್ಧದಲ್ಲಿ ಆಗಸ್ಟ್ ಕೊನೆಯಿಂದ ಅಕ್ಟೋಬರ್ ಮುಗಿಯುವವರೆಗೆ ಒಳ್ಳೆಯ ಕಾಲ. ಆಗ ಒಂದೇ ಗುಂಪಿನಲ್ಲಿ ಮೂರು ವೇಷ ಕಾಣುತ್ತದೆ. ಮರಿ ಮಾಡುವ ಕಾಲದ ಕೆಂಪು, ಕಪ್ಪು ಇನ್ನೂ ಅಲ್ಲಲ್ಲಿ ಉಳಿದ, ಗರಿ ಸವೆದ ದೊಡ್ಡವು. ಆಗಲೇ ಚಳಿಗಾಲದ ಬೂದು ಹಾಕಿಕೊಂಡವು. ಇನ್ನು ಆ ವರ್ಷದ ಮರಿಗಳು. ಮರಿಗಳ ಗರಿ ಎಲ್ಲ ಒಂದೇ ಸಲ ಬಂದಿರುವುದರಿಂದ ಬೆನ್ನು ಮೀನಿನ ಹುರುಪೆ ಜೋಡಿಸಿದ ಹಾಗೆ ಅಚ್ಚುಕಟ್ಟಾಗಿರುತ್ತದೆ.

ಹೊರಡುವ ಹಿಂದಿನ ದಿನ

ಮ್ಯಾಪ್ ತೆಗೆದು ಸ್ಯಾಟಲೈಟ್ ಚಿತ್ರದಲ್ಲಿ ಮೂರು ಜಾಗ ಹುಡುಕಿ. ಅಳಿವೆ ಬಾಯಿ, ಅಂದರೆ ನದಿ ಕಡಲಿಗೆ ಬೀಳುವ ಕಡೆ. ದಡಕ್ಕೆ ಅಂಟಿಕೊಂಡ ಕೆಸರು ಬಯಲು. ಸೇತುವೆಯೋ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳೋ ಇರುವ ಒಳಭಾಗ. ಇವುಗಳ ನಡುವೆ ನಡೆಯಲು ಸಾರ್ವಜನಿಕ ದಾರಿ ಇದೆಯಾ ನೋಡಿ. ಬಂದರು, ಹಡಗುಕಟ್ಟೆ, ರೈಲು ಸೇತುವೆಗಳ ಹತ್ತಿರ ಎಷ್ಟೋ ಕಡೆ ಒಳಗೆ ಹೋಗುವಂತಿಲ್ಲ, ಕ್ಯಾಮೆರಾ ತೆಗೆಯುವಂತಿಲ್ಲ. ಮೊದಲೇ ತಿಳಿದುಕೊಂಡರೆ ಅರ್ಧ ದಾರಿಯಿಂದ ವಾಪಸ್ ಬರಬೇಕಾಗಿಲ್ಲ.

ಆಮೇಲೆ ಸೂರ್ಯ ಎಲ್ಲಿರುತ್ತಾನೆ ಅಂತ ಲೆಕ್ಕ ಹಾಕಿ. ಬೆಳಗ್ಗೆ ನಿಲ್ಲುವ ಜಾಗದಲ್ಲಿ ಸೂರ್ಯ ನಿಮ್ಮ ಬೆನ್ನಿಗೆ ಇರಬೇಕು. ಎದುರಿಗಿದ್ದರೆ ಎಲ್ಲ ಹಕ್ಕಿಯೂ ಕಪ್ಪು ನೆರಳು, ಕಾಲಿನ ಬಣ್ಣ ತಿಳಿಯುವುದೇ ಇಲ್ಲ. ಬೆಳಿಗ್ಗೆ ಒಂದು ದಡ, ಸಂಜೆ ಇನ್ನೊಂದು ದಡ ಅಂತ ಮಾಡಿದರೂ ಸರಿ.

ಸಾಮಾನಿನ ಬಗ್ಗೆ ಜಾಸ್ತಿ ಯೋಚಿಸಬೇಡಿ. 8x42 ಬೈನಾಕ್ಯುಲರ್ ಸಾಕು. 8 ಅಂದರೆ ಎಂಟು ಪಟ್ಟು ಹತ್ತಿರ, 42 ಅಂದರೆ ಮುಂದಿನ ಗಾಜಿನ ಅಗಲ ಮಿಲಿಮೀಟರ್‌ನಲ್ಲಿ. ಕಡಲ ಗಾಳಿಗೆ ಕೈ ನಡುಗುವುದರಿಂದ ಇನ್ನೂ ದೊಡ್ಡದು ಮಾಡುವ ಬೈನಾಕ್ಯುಲರ್‌ನಿಂದ ಅಷ್ಟೇನೂ ಲಾಭ ಇಲ್ಲ. ಗುಂಪಿನಲ್ಲಿ ಒಬ್ಬರ ಹತ್ತಿರ ಟ್ರೈಪಾಡ್ ಮೇಲಿನ ಸ್ಪಾಟಿಂಗ್ ಸ್ಕೋಪ್, ಅಂದರೆ ಹಕ್ಕಿ ನೋಡುವ ದೂರದರ್ಶಕ ಇದ್ದರೆ ಬಹಳ ಅನುಕೂಲ. ಟೋಪಿ, ನೀರು, ತಿಂಡಿ, ಜಾರದ ಶೂ, ತೆಳು ಜಾಕೆಟ್, ಪುಟ್ಟ ನೋಟ್‌ಬುಕ್, ಪೆನ್ಸಿಲ್. ಅಷ್ಟೇ.

ಬೆಳಗ್ಗೆ 6: ಅಳಿವೆ ಬಾಯಿ

ನೀರು ಇನ್ನೂ ತಗ್ಗಿನಲ್ಲಿರುವಾಗ ಕಡಲ ಕಡೆಯಿಂದಲೇ ಶುರು ಮಾಡಿ. ಮರಳಿನ ಮೇಲೆ ಅಲೆಯ ಜೊತೆ ಓಡುವ ಬಿಳಿಚು ಹಕ್ಕಿಗಳು ಕಂಡರೆ ಅವು ಸ್ಯಾಂಡರ್ಲಿಂಗ್ ಇರಬಹುದು. ಅಲೆ ಹಿಂದೆ ಸರಿದಾಗ ಬೆನ್ನಟ್ಟಿ ಓಡುತ್ತವೆ, ಅಲೆ ಬಂದಾಗ ತಿರುಗಿ ಓಡುತ್ತವೆ. ಇವಕ್ಕೆ ಹಿಂಬೆರಳು ಇಲ್ಲ. ಒದ್ದೆ ಮರಳಿನ ಹೆಜ್ಜೆ ಗುರುತಿನಲ್ಲೂ ಮೂರೇ ಬೆರಳು ಕಾಣುತ್ತದೆ. ಕಲ್ಲಿನ ತಡೆಗೋಡೆ ಮೇಲೆ ಟರ್ನ್‌ಸ್ಟೋನ್ ಹುಡುಕಿ. ಗಿಡ್ಡ ಕಿತ್ತಳೆ ಕಾಲು. ಕಲ್ಲು, ಪಾಚಿ ಮಗುಚಿ ಹಾಕಿ ಅಡಿಯಲ್ಲಿರುವುದನ್ನು ತಿನ್ನುವ ಹಕ್ಕಿ ಅದು.

ಆಮೇಲೆ ಅರ್ಧ ಗಂಟೆ ಸುಮ್ನೆ ಕೂತು ಕಡಲು ನೋಡಿ. ರೀವ ಹಕ್ಕಿ, ಅಂದರೆ ಟರ್ನ್, ಕೊಕ್ಕು ಕೆಳಗೆ ಮಾಡಿ ಹಾರುತ್ತದೆ, ಒಂದೇ ಕಡೆ ರೆಕ್ಕೆ ಬಡಿದು ನಿಲ್ಲುತ್ತದೆ, ತಟ್ಟನೆ ನೀರಿಗೆ ಬೀಳುತ್ತದೆ. ಗಲ್ ಅಂದರೆ ಕಡಲಕ್ಕಿ ಹಾಗೆ ಮಾಡುವುದು ಕಡಿಮೆ. ರೆಕ್ಕೆ ಅಗಲ, ಹಾರಾಟ ನಿಧಾನ, ನೀರ ಮೇಲೆ ಆರಾಮಾಗಿ ಕೂರುತ್ತದೆ. ರೀವಗಳ ಗುಂಪು ಇದ್ದಕ್ಕಿದ್ದಂತೆ ಚೆದುರಿ ಕೂಗಿದರೆ ಮೇಲೆ ನೋಡಿ. ಅವುಗಳ ಬಾಯಿಯ ಮೀನು ಕಸಿಯಲು ಬಂದ ಕಂದು ಬಣ್ಣದ ಸ್ಕುವಾ ಇರಬಹುದು. ಕಡಲಿನಿಂದ ದಡಕ್ಕೆ ಬಲವಾದ ಗಾಳಿ ಬೀಸಿದ ಮರುದಿನ ಇಂಥ ಒಳಗಡಲ ಹಕ್ಕಿಗಳು ಕಾಣುವುದು ಜಾಸ್ತಿ.

ದೊಡ್ಡ ಗಲ್‌ಗಳನ್ನು ಮೊದಲ ದಿನವೇ ಗುರುತಿಸಲು ಹೋಗಬೇಡಿ. ಅವಕ್ಕೆ ಪೂರ್ತಿ ಬಣ್ಣ ಬರಲು ನಾಲ್ಕು ವರ್ಷದಷ್ಟು ಬೇಕು. ಪ್ರತಿ ವರ್ಷಕ್ಕೂ ಬೇರೆ ಬೇರೆ ಕಂದು, ಬೂದು ವೇಷ. ಅದನ್ನು ಬೇರೆ ದಿನಕ್ಕೆ ಇಟ್ಟುಕೊಳ್ಳಿ.

ಬೆಳಗ್ಗೆ 8ರಿಂದ: ಏರುವ ನೀರಿನ ಜೊತೆ

ದಿನದ ಮುಖ್ಯ ಭಾಗ ಇದು. ನೀರು ತುಂಬಲು ಮೂರು ಗಂಟೆ ಇರುವಾಗಲೇ ಕೆಸರು ಬಯಲಿನ ಅಂಚಿಗೆ ಬನ್ನಿ. ಒಂದು ಜಾಗ ಆರಿಸಿ. ಬೆನ್ನಿಗೆ ಗಿಡವೋ ಗೋಡೆಯೋ ಇದ್ದರೆ ನಿಮ್ಮ ಆಕಾರ ಎದ್ದು ಕಾಣುವುದಿಲ್ಲ. ಕೂತುಬಿಡಿ. ಮತ್ತೆ ಅಲುಗಾಡಬೇಡಿ. ನಡಿಗೆ ಅಂತ ಹೆಸರಿದ್ದರೂ ಈ ಎರಡೂವರೆ ಗಂಟೆ ನಡೆಯದೇ ಇರುವುದೇ ಒಳ್ಳೆಯದು. ನೀರು ಏರಿದ ಹಾಗೆ ಹಕ್ಕಿಗಳು ತಾವೇ ಹತ್ತಿರ ಬರುತ್ತವೆ. ನೀವು ಅವುಗಳ ಕಡೆ ಹತ್ತು ಹೆಜ್ಜೆ ಇಟ್ಟರೆ ಅವು ನೂರು ಹೆಜ್ಜೆ ಆಚೆ ಹೋಗುತ್ತವೆ.

ಗುರುತಿಸಲು ಬಣ್ಣದಿಂದ ಶುರು ಮಾಡಬೇಡಿ. ಈ ಕಾಲದಲ್ಲಿ ಮುಕ್ಕಾಲು ಹಕ್ಕಿಗಳು ಬೂದು, ಕಂದು. ಬಣ್ಣ ನೋಡಿದಷ್ಟೂ ಗೊಂದಲ. ಮೊದಲು ಅದು ಹೇಗೆ ಮೇಯುತ್ತದೆ ನೋಡಿ. ಪ್ಲವರ್ ಜಾತಿಯವು ನಾಲ್ಕು ಹೆಜ್ಜೆ ಓಡಿ, ನಿಂತು, ನೋಡಿ, ಒಂದು ಸಲ ಕುಕ್ಕುತ್ತವೆ. ಕಣ್ಣು ದೊಡ್ಡದು, ಕೊಕ್ಕು ಗಿಡ್ಡ. ಅವು ಬೇಟೆಯನ್ನು ಕಣ್ಣಿನಿಂದ ಹುಡುಕುತ್ತವೆ. ಸ್ಯಾಂಡ್‌ಪೈಪರ್ ಜಾತಿಯವು ಹೊಲಿಗೆ ಮೆಷಿನ್ನಿನ ಸೂಜಿಯ ಹಾಗೆ ಬಿಡದೆ ಕೆಸರು ಚುಚ್ಚುತ್ತವೆ. ಅವುಗಳ ಕೊಕ್ಕಿನ ತುದಿಯಲ್ಲೇ ಸ್ಪರ್ಶ ತಿಳಿಯುತ್ತದೆ. ಕೆಸರೊಳಗೆ ಹುದುಗಿದ ಹುಳುವನ್ನು ನೋಡದೆಯೇ ಪತ್ತೆ ಹಚ್ಚುತ್ತವೆ. ಕೆಲವು ಜಾತಿಗಳು ಕೊಕ್ಕಿನ ಬುಡ ತೆರೆಯದೆ ತುದಿಯನ್ನು ಮಾತ್ರ ತೆರೆದು ಹುಳು ಹಿಡಿಯಬಲ್ಲವು. ಇಷ್ಟು ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ಎರಡನೆಯದು ಕೊಕ್ಕು. ಒಂದೊಂದು ಉದ್ದದ ಕೊಕ್ಕು ಕೆಸರಿನ ಒಂದೊಂದು ಆಳಕ್ಕೆ ಇಳಿಯುತ್ತದೆ. ಹಾಗಾಗಿಯೇ ಹತ್ತು ಜಾತಿ ಒಂದೇ ಬಯಲಿನಲ್ಲಿ ಜಗಳ ಇಲ್ಲದೆ ಹೊಟ್ಟೆ ತುಂಬಿಸಿಕೊಳ್ಳುವುದು. ಕುಡುಗೋಲಿನ ಹಾಗೆ ಕೆಳಗೆ ಬಾಗಿದ್ದರೆ ಕರ್ಲ್ಯೂ ಅಥವಾ ವಿಂಬ್ರೆಲ್. ತಲೆಯ ಮೇಲೆ ಎದ್ದು ಕಾಣುವ ಪಟ್ಟೆ ಇದ್ದು, ಕೊಕ್ಕು ಗಿಡ್ಡವಿದ್ದರೆ ವಿಂಬ್ರೆಲ್. ಹಾರುವಾಗ ಒಂದೇ ಸ್ವರದಲ್ಲಿ ಸುಮಾರು ಏಳು ಸಲ ಸಿಳ್ಳೆ ಹಾಕುತ್ತದೆ. ಉದ್ದವಾಗಿ, ನೇರವಾಗಿಯೋ ತುಸು ಮೇಲಕ್ಕೆ ಬಾಗಿಯೋ ಇದ್ದು, ಬುಡದಲ್ಲಿ ನಸುಗೆಂಪಾಗಿದ್ದರೆ ಗಾಡ್‌ವಿಟ್. ಕರ್ಲ್ಯೂಗಳಲ್ಲಿ ಹೆಣ್ಣಿನ ಕೊಕ್ಕೇ ಉದ್ದ. ಎರಡು ಹತ್ತಿರ ನಿಂತಾಗ ಹೋಲಿಸಿ ನೋಡಿ.

ಮೂರನೆಯದು, ಹಾರುವಾಗ ಕಾಣುವ ಗುರುತು. ಎಲ್ಲರೂ ಇದನ್ನು ತಪ್ಪಿಸಿಕೊಳ್ಳುತ್ತಾರೆ, ಹಾರಿತು ಅಂದ ತಕ್ಷಣ ಬೈನಾಕ್ಯುಲರ್ ಇಳಿಸಿಬಿಡುತ್ತಾರೆ. ಇಳಿಸಬೇಡಿ. ರೆಕ್ಕೆಯ ಹಿಂದಿನ ಅಂಚಿನಲ್ಲಿ ಅಗಲವಾದ ಬಿಳಿ ಪಟ್ಟಿ ಕಂಡರೆ ಕಾಮನ್ ರೆಡ್‌ಶ್ಯಾಂಕ್. ರೆಕ್ಕೆ ಪೂರ್ತಿ ಕಪ್ಪಾಗಿ ಬೆನ್ನಿನ ಮೇಲೆ ಬಿಳಿ ತ್ರಿಕೋನ ಇದ್ದರೆ ಗ್ರೀನ್‌ಶ್ಯಾಂಕ್, ಅದು ಮೂರು ಸಲ ಗಟ್ಟಿಯಾಗಿ ಕೂಗಿಕೊಂಡು ಹೋಗುತ್ತದೆ. ಬೂದು ಹಕ್ಕಿಯ ಕಂಕುಳಲ್ಲಿ ಕಪ್ಪು ಮಚ್ಚೆ ಕಂಡರೆ ಗ್ರೇ ಪ್ಲವರ್. ಇದೊಂದು ಗುರುತು ತಪ್ಪುವುದೇ ಇಲ್ಲ.

ಹೊಸಬರಿಗೆ ನನ್ನ ಸಲಹೆ: ಮೊದಲ ದಿನ ಒಂದೇ ಹಕ್ಕಿಯನ್ನು ಚೆನ್ನಾಗಿ ಕಲಿಯಿರಿ. ಏಷ್ಯಾ, ಯುರೋಪ್, ಆಫ್ರಿಕಾಗಳಲ್ಲಾದರೆ ಕೆಂಪು ಕಾಲಿನ ರೆಡ್‌ಶ್ಯಾಂಕ್ ಆರಿಸಿಕೊಳ್ಳಿ. ಸುಲಭವಾಗಿ ಸಿಗುತ್ತದೆ, ಗಲಾಟೆ ಜಾಸ್ತಿ. ಅದರ ಎತ್ತರ, ನಡಿಗೆ, ಕೂಗು ಮನಸ್ಸಿಗೆ ಇಳಿದ ಮೇಲೆ ಬೇರೆ ಹಕ್ಕಿಗಳನ್ನು ಅದಕ್ಕೆ ಹೋಲಿಸಿ. ಅದಕ್ಕಿಂತ ಚಿಕ್ಕದಾ, ದೊಡ್ಡದಾ? ಕೊಕ್ಕು ಉದ್ದವಾ? ಈ ಎರಡೇ ಪ್ರಶ್ನೆ ಬಹಳ ದೂರ ಕರೆದುಕೊಂಡು ಹೋಗುತ್ತವೆ.

ನೀರು ತುಂಬಿದಾಗ

ಈಗ ಕೆಸರಿಲ್ಲ, ಮೇವಿಲ್ಲ. ಹಕ್ಕಿಗಳು ಒಂದು ಕಡೆ ಒತ್ತೊತ್ತಾಗಿ ನಿಲ್ಲುತ್ತವೆ. ಹಳೆ ಜೆಟ್ಟಿ, ಕಲ್ಲುರಾಶಿ, ಉಪ್ಪಿನ ಗದ್ದೆಯ ಬದು, ಖಾಲಿ ಮರಳು ತುದಿ, ಎಲ್ಲಿ ಬೇಕಾದರೂ. ಒಂಟಿ ಕಾಲಲ್ಲಿ, ಕೊಕ್ಕು ಬೆನ್ನಿನ ಗರಿಯಲ್ಲಿ ಸಿಕ್ಕಿಸಿ ನಿದ್ದೆ. ಎಲ್ಲದರ ಮುಖವೂ ಗಾಳಿ ಬರುವ ಕಡೆಗೆ.

ಇದು ಅವುಗಳ ವಿಶ್ರಾಂತಿಯ ಹೊತ್ತು. ದೂರ ಹಾರಬೇಕಾದ ಹಕ್ಕಿ ಮೈಯಲ್ಲಿ ಕೊಬ್ಬು ತುಂಬಿಸಿಕೊಳ್ಳುತ್ತಿರುತ್ತದೆ. ಹಾರಿಸಿದ ಪ್ರತಿ ಸಲ ಅದರಲ್ಲಿ ಒಂದಿಷ್ಟು ಖರ್ಚಾಗುತ್ತದೆ. ಮಲಗಿದ್ದ ಹಕ್ಕಿಗಳು ತಲೆ ಎತ್ತಿ, ಕತ್ತು ಉದ್ದ ಮಾಡಿ, ಒಂದೆರಡು ಹೆಜ್ಜೆ ಆಚೆ ನಡೆದವು ಅಂದರೆ ನೀವು ಆಗಲೇ ಜಾಸ್ತಿ ಹತ್ತಿರ ಬಂದಿದ್ದೀರಿ. ಮೆಲ್ಲಗೆ ಹಿಂದೆ ಸರಿಯಿರಿ. ಫೋಟೋಗೋಸ್ಕರ ಗುಂಪು ಹಾರಿಸುವುದನ್ನು ಕಂಡರೆ ನನಗೆ ನಿಜವಾಗಿಯೂ ಸಂಕಟ ಆಗುತ್ತದೆ. ನಾಯಿಯನ್ನು ಇಲ್ಲಿಗೆ ಕರೆತರಬೇಡಿ. ಡ್ರೋನ್ ಬೇಡವೇ ಬೇಡ. ಫೋನಿನಲ್ಲಿ ಹಕ್ಕಿ ಕೂಗು ಹಾಕಿ ಕರೆಯುವುದೂ ಬೇಡ.

ನೀವು ಸುಮ್ಮನಿದ್ದೂ ಇಡೀ ಗುಂಪು ಒಮ್ಮೆಲೇ ಎದ್ದು, ಚೆಂಡಿನ ಹಾಗೆ ಒತ್ತಿಕೊಂಡು, ಬಿಳಿ ಕಪ್ಪಾಗಿ ಹೊಳೆಯುತ್ತಾ ತಿರುಗಿದರೆ ಆಕಾಶ ನೋಡಿ. ಪೆರೆಗ್ರೀನ್ ಫಾಲ್ಕನ್ ಬಂದಿರಬಹುದು. ಉದ್ದ ರೆಕ್ಕೆ ಚಾಚಿ, ಮೀನನ್ನು ತಲೆ ಮುಂದೆ ಮಾಡಿ ಹಿಡಿದು ಹಾರುವ ಆಸ್ಪ್ರೇ ಆದರೆ ಗುಂಪು ಅಷ್ಟು ಹೆದರುವುದಿಲ್ಲ. ಅದು ಮೀನು ಬಿಟ್ಟು ಬೇರೆ ಏನನ್ನೂ ಹಿಡಿಯುವುದು ಬಹಳ ಅಪರೂಪ.

ಎಣಿಸಲು ಇದೇ ಒಳ್ಳೆಯ ಹೊತ್ತು. ಮೊದಲು ಹತ್ತು ಹಕ್ಕಿ ಎಣಿಸಿ. ಆ ಹತ್ತು ಎಷ್ಟು ಜಾಗ ಹಿಡಿಯುತ್ತದೆ ಅಂತ ಕಣ್ಣಲ್ಲಿ ಇಟ್ಟುಕೊಳ್ಳಿ. ಆ ಅಳತೆಯಿಂದ ಗುಂಪಿನ ಉದ್ದಕ್ಕೂ ಅಳೆಯುತ್ತಾ ಹೋಗಿ. ದೊಡ್ಡ ಗುಂಪಾದರೆ ಹತ್ತರ ಬದಲು ನೂರು. ಎರಡು ಸಲ ಎಣಿಸಿ, ಎರಡೂ ಬರೆದುಕೊಳ್ಳಿ.

ಕಾಲುಗಳನ್ನೂ ಒಮ್ಮೆ ನೋಡಿ. ಕೆಲವು ಹಕ್ಕಿಗಳ ಕಾಲಿಗೆ ಸಂಶೋಧಕರು ಬಣ್ಣದ ಪುಟ್ಟ ಪಟ್ಟಿ ಹಾಕಿರುತ್ತಾರೆ. ಪೂರ್ವ ಏಷ್ಯಾದಿಂದ ಆಸ್ಟ್ರೇಲಿಯಾವರೆಗಿನ ವಲಸೆ ಹಾದಿಯಲ್ಲಿ ಒಂದೊಂದು ಜಾಗಕ್ಕೆ ಒಂದೊಂದು ಬಣ್ಣ. ಹಳದಿ ಇದ್ದರೆ ವಾಯವ್ಯ ಆಸ್ಟ್ರೇಲಿಯಾದ್ದು, ಕಿತ್ತಳೆ ಇದ್ದರೆ ವಿಕ್ಟೋರಿಯಾದ್ದು. ಬಣ್ಣ, ಎಡಗಾಲೋ ಬಲಗಾಲೋ, ಮಂಡಿಯ ಮೇಲೋ ಕೆಳಗೋ, ಅಕ್ಷರ ಓದಲು ಬಂದರೆ ಅದನ್ನೂ ಬರೆದುಕೊಳ್ಳಿ. ನಿಮ್ಮ ದೇಶದ ರಿಂಗಿಂಗ್ ಸಂಸ್ಥೆಗೆ, ಅಂದರೆ ಹಕ್ಕಿ ಕಾಲಿನ ಇಂಥ ಗುರುತುಗಳ ಲೆಕ್ಕ ಇಡುವವರಿಗೆ, ಕಳಿಸಿದರೆ ಆ ಹಕ್ಕಿ ಎಲ್ಲಿಂದ ಬಂತು ಅನ್ನುವ ಉತ್ತರ ಬರುತ್ತದೆ. ಆ ಉತ್ತರ ಓದುವ ಖುಷಿಯೇ ಬೇರೆ.

ಮಧ್ಯಾಹ್ನ ನೆರಳಲ್ಲಿ ಊಟ ಮಾಡಿ, ಕಣ್ಣಿಗೆ ವಿಶ್ರಾಂತಿ ಕೊಡಿ. ಬಿಸಿ ಗಾಳಿಯಲ್ಲಿ ದೂರದ ಹಕ್ಕಿ ನಡುಗಿದ ಹಾಗೆ ಕಾಣುತ್ತದೆ, ಆಗ ಗುರುತಿಸಲು ಹೊರಟರೆ ತಪ್ಪೇ ಜಾಸ್ತಿ.

ಇಳಿಯುವ ನೀರು: ಸೇತುವೆ ಕಡೆ

ನೀರು ತುಂಬಿ ಒಂದೂವರೆ ಗಂಟೆ ಕಳೆದ ಮೇಲೆ ಒಳಭಾಗಕ್ಕೆ ನಡೆಯಿರಿ. ಹೆಚ್ಚಿನವರು ಇಷ್ಟು ಹೊತ್ತಿಗೆ ಮನೆಗೆ ಹೋಗಿಬಿಟ್ಟಿರುತ್ತಾರೆ. ಆದರೆ ಇಳಿತದಲ್ಲಿ ಮೊದಲು ತೆರೆದುಕೊಳ್ಳುವುದು ದಡಕ್ಕೆ ಅಂಟಿದ ಮೇಲಿನ ಕೆಸರು. ಗಂಟೆಗಟ್ಟಲೆ ಹಸಿದಿದ್ದ ಹಕ್ಕಿಗಳು ಅಲ್ಲಿಗೇ ಮೊದಲು ಇಳಿಯುತ್ತವೆ. ಸೇತುವೆಯ ಫುಟ್‌ಪಾತ್ ಮೇಲೆ ನಿಂತರೆ ಕಾಲ ಕೆಳಗೇ ಕಾಣುತ್ತವೆ. ದಿನಾ ವಾಹನ ನೋಡಿ ಅಭ್ಯಾಸ ಆಗಿರುವುದರಿಂದ ಅಲ್ಲಿ ಅವು ಅಷ್ಟು ಬೆದರುವುದಿಲ್ಲ. ಕಲ್ಲಿನ ಅಂಚಿನಲ್ಲಿ ಬಾಲ ಕುಣಿಸುತ್ತಾ ಒಂಟಿಯಾಗಿ ಓಡಾಡುವುದು ಕಾಮನ್ ಸ್ಯಾಂಡ್‌ಪೈಪರ್. ಕಂಬದ ಮೇಲೆ ರೆಕ್ಕೆ ಹರಡಿ ಒಣಗಿಸುವುದು ನೀರುಕಾಗೆ. ಮೋರಿ ನೀರು ಬೀಳುವ ಕಡೆ ಬೆಳ್ಳಕ್ಕಿ, ಗಲ್, ಸಣ್ಣ ವೇಡರ್ ಸೇರಿರುತ್ತವೆ. ನೋಡಿ, ಆದರೆ ಆ ನೀರು ಮುಟ್ಟಬೇಡಿ.

ದೀಪ ಹತ್ತಿದ ಮೇಲೂ ಸ್ವಲ್ಪ ಹೊತ್ತು ನಿಲ್ಲಿ. ವೇಡರ್‌ಗಳಿಗೆ ಹಗಲು ರಾತ್ರಿಗಿಂತ ನೀರಿನ ಏರಿಳಿತವೇ ಮುಖ್ಯ, ರಾತ್ರಿಯೂ ಮೇಯುತ್ತವೆ. ಸ್ಕಾಟ್ಲೆಂಡಿನ ಫೋರ್ತ್ ಅಳಿವೆಯಲ್ಲಿ ಕಾರ್ಖಾನೆ ದೀಪದ ಬೆಳಕಿನಲ್ಲಿ ರೆಡ್‌ಶ್ಯಾಂಕ್‌ಗಳು ಹಗಲಿನಂತೆಯೇ ಕಣ್ಣಿನಿಂದ ನೋಡಿ ಮೇಯುವುದನ್ನು ಸಂಶೋಧಕರು ಗಮನಿಸಿದ್ದಾರೆ.

ದಾರಿಯಲ್ಲಿ ಸತ್ತ ಅಥವಾ ತೂಕಡಿಸುವ ಹಕ್ಕಿ ಕಂಡರೆ ಕೈಯಲ್ಲಿ ಮುಟ್ಟಬೇಡಿ. ಹಕ್ಕಿ ಜ್ವರದ ಎಚ್5ಎನ್1 ವೈರಸ್ ಈಚಿನ ವರ್ಷಗಳಲ್ಲಿ ಕಡಲ ಹಕ್ಕಿಗಳಲ್ಲಿ ಬಹಳ ಹರಡಿದೆ. ದೂರದಿಂದ ಫೋಟೋ ತೆಗೆದು ಅರಣ್ಯ ಅಥವಾ ಪಶುವೈದ್ಯ ಇಲಾಖೆಗೆ ತಿಳಿಸಿ. ಬಲೆಯ ದಾರ, ಗಾಳದ ನೈಲಾನ್ ದಾರ ಬಿದ್ದಿದ್ದರೆ ಹೆಕ್ಕಿ ಚೀಲಕ್ಕೆ ಹಾಕಿಕೊಳ್ಳಿ. ಹಕ್ಕಿ ಕಾಲಿಗೆ ಅದು ಸುತ್ತಿಕೊಂಡರೆ ಕಾಲೇ ಹೋಗುತ್ತದೆ.

ಮನೆಗೆ ಬಂದ ಮೇಲೆ

ಕಂಡ ಹಕ್ಕಿಗಳ ಪಟ್ಟಿಯನ್ನು ಅವತ್ತೇ ರಾತ್ರಿ ಇ-ಬರ್ಡ್ ಜಾಲತಾಣಕ್ಕೆ ಹಾಕಿ. ಅಮೆರಿಕದ ಕಾರ್ನೆಲ್ ಪಕ್ಷಿ ಪ್ರಯೋಗಾಲಯ ಮತ್ತು ಆಡುಬಾನ್ ಸಂಸ್ಥೆ ಸೇರಿ 2002ರಲ್ಲಿ ಶುರು ಮಾಡಿದ ಈ ವೇದಿಕೆಗೆ ಯಾರು ಬೇಕಾದರೂ ಸೇರಬಹುದು. ಗುರುತು ಸಿಗದ ಹಕ್ಕಿಯನ್ನು ಬಲವಂತವಾಗಿ ಒಂದು ಹೆಸರಿಗೆ ಸೇರಿಸಬೇಡಿ. ಸಣ್ಣ ವೇಡರ್, ಜಾತಿ ತಿಳಿಯದು ಅಂತಲೇ ಬರೆಯಿರಿ. ಅದು ಸುಳ್ಳು ಹೆಸರಿಗಿಂತ ಉಪಯೋಗಕ್ಕೆ ಬರುತ್ತದೆ. ಅಕ್ಟೋಬರ್ ಎರಡನೇ ಶನಿವಾರ ವಿಶ್ವ ವಲಸೆ ಹಕ್ಕಿ ದಿನ. ಅವತ್ತು ಹೊರಡಲು ಆದರೆ ಇನ್ನೂ ಒಳ್ಳೆಯದು, ಎಷ್ಟೋ ಊರುಗಳಲ್ಲಿ ಅನುಭವಸ್ಥರ ಜೊತೆ ನಡೆಯುವ ಅವಕಾಶ ಸಿಗುತ್ತದೆ.

ನೋಟ್‌ಬುಕ್‌ನಲ್ಲಿ ಹಕ್ಕಿಗಳ ಪಟ್ಟಿಯ ಮೇಲೆ ಆ ದಿನದ ಉಬ್ಬರದ ಹೊತ್ತು, ಎತ್ತರ, ಗಾಳಿಯ ದಿಕ್ಕು, ಯಾವ ಹೊತ್ತಿಗೆ ಯಾವ ಕಡೆ ಹಕ್ಕಿ ಹತ್ತಿರ ಬಂತು ಅಂತ ಬರೆದಿಡಿ. ಹದಿನೈದು ದಿನ ಬಿಟ್ಟು ಮತ್ತೆ ಹೋಗಿ. ಅಷ್ಟು ದಿನದಲ್ಲಿ ಉಬ್ಬರ ಒಂದು ಸುತ್ತು ಮುಗಿಸಿ ಹೆಚ್ಚುಕಡಿಮೆ ಅದೇ ಹೊತ್ತಿಗೆ ಬರುತ್ತದೆ. ನೀವು ಕೂತ ಅದೇ ಗೋಡೆಯ ಬುಡದಲ್ಲಿ ಕೂತುಕೊಳ್ಳಿ. ಕೆಂಪು ಉಳಿದಿದ್ದ ದೊಡ್ಡ ಹಕ್ಕಿಗಳು ಕಡಿಮೆಯಾಗಿ, ಹುರುಪೆ ಬೆನ್ನಿನ ಮರಿಗಳು ಜಾಸ್ತಿ ಆಗಿವೆಯಾ ಅಂತ ಎಣಿಸಿ ನೋಡಿ.